ಗಿಂಡಿಯ ಗಂಗೆ

ಈಗಲೂ ಯಾರದಾದರೂ ಕೈ ಹಿಡಿದರೆ ನನ್ನ ಬೆರಳು ತಾನಾಗಿಯೇ ನಾಡಿ ಹುಡುಕುತ್ತದೆ. ಮೊಮ್ಮಕ್ಕಳು ಡಾಕ್ಟರಜ್ಜಿ ಎಂದು ನಗುತ್ತಾರೆ. ನಗಲಿ. ಆ ಚಟ ನನಗೆ ಹತ್ತಿದ್ದು ಒಂದು ನಾಯಿಯಿಂದ.

ಲಕ್ಷ್ಮೇಶ್ವರದಲ್ಲಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ಗಂಡಸರು ಕಟ್ಟೆಯ ಮೇಲೆ ಕೂತು ಕರ್ನಾಟಕ ಒಂದುಗೂಡಿಸುತ್ತಿದ್ದರು. ಹೊಸ ಸೊಸೆಯಾದ ನಾನು ಅವರಿಗೆ ಚಹಾ ಕಾಸುತ್ತಿದ್ದೆ. ಹಿಂದಿನ ವರ್ಷ ಮಾವನವರು ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡಿದ್ದರು. ಹತ್ತಿರ ಇದ್ದದ್ದು ಅವರ ನಾಯಿ ಒಂದೇ. "ಅವರ ಬಾಯಾಗ ಒಂದು ಹನಿ ನೀರು ಬೀಳಲಿಲ್ಲ" ಎಂಬುದೇ ಅತ್ತೆಯ ಕೊರಗು. ದೇವರ ಕೋಣೆಯಲ್ಲಿ ಅರಗಿನಿಂದ ಬಾಯಿ ಮುಚ್ಚಿದ ಪುಟ್ಟ ತಾಮ್ರದ ಗಿಂಡಿ ಇತ್ತು. ಅದರಲ್ಲಿದ್ದದ್ದು ತಮ್ಮ ಕೊನೆಗಾಲಕ್ಕೆಂದು ಅತ್ತೆ ಕಾಶಿಯಿಂದ ತರಿಸಿಟ್ಟ ಗಂಗೆ.

ಒಂದು ಮಧ್ಯಾಹ್ನ ಕಾಡುಹಂದಿ ಆ ನಾಯಿಯ ಪಕ್ಕೆ ಸೀಳಿತು. ಶಿರಹಟ್ಟಿಯಿಂದ ದನದ ಡಾಕ್ಟರು ಬಂದರು. ಮಂಪರಿನ ಸೂಜಿ ಚುಚ್ಚಿ ಪಡಸಾಲೆಯಲ್ಲಿ ಮಲಗಿಸಿ, "ತಂಗೀ, ತೊಡಿ ಒಳಗ ಇಲ್ಲಿ ಬೆರಳಿಡು. ಬಡಿತ ನಿಧಾನ ಆದ್ರ ಹೇಳು" ಎಂದರು. ಹೊಲಿಗೆ ಮುಗಿಯುವ ಹೊತ್ತಿಗೆ ನಿಧಾನವಾಯಿತು. ಒಂದು ಬಡಿದರೆ ಇನ್ನೊಂದಕ್ಕೆ ಉಸಿರು ಬಿಗಿಹಿಡಿದು ಕಾಯಬೇಕು. "ಬರವಲ್ದು ನೋಡ್ರಿ" ಎಂದೆ. ಅವರು ಎದೆ ಪರೀಕ್ಷಿಸಿ ಇನ್ನೊಂದು ಸೂಜಿ ಹಾಕಿದರು. "ಮಂಪರಿಗೆ ಹಿಂಗಾಗೇತಿ. ಇದು ಎದಿ ಎಬ್ಬಸ್ತೈತಿ. ಬಾಯಿ ಒಣಗತೈತಿ, ಅಂಜಬ್ಯಾಡ. ಎಚ್ಚರ ಆಗೂತನಾ ಏನೂ ಕುಡಸಬ್ಯಾಡ್ರಿ." ಅತ್ತೆ ಆಗ ದೇವರ ಮುಂದೆ ಕೂತಿದ್ದರು. ಆ ಮಾತು ಅವರ ಕಿವಿಗೆ ಬೀಳಲಿಲ್ಲ.

ತುಸು ಹೊತ್ತಿಗೆ ನನ್ನ ಬೆರಳ ಕೆಳಗೆ ನಾಡಿ ಓಡತೊಡಗಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಡಾಕ್ಟರು ಕೈ ತೊಳೆಯಲು ಹಿತ್ತಲಿಗೆ ಹೋದರು. ಅತ್ತೆ ಹೊರಗೆ ಬಂದು ನೋಡಿದರೆ ಒಣಗಿದ ನಾಲಿಗೆ, ತೆರೆದ ಕಣ್ಣು. "ಇದಕ್ಕೂ ಹಂಗ ಆಗಬಾರದು" ಎನ್ನುತ್ತ ಒಳಗೆ ಹೋಗಿ ಗಿಂಡಿಯ ಅರಗು ಒಡೆದು ತಂದರು.

"ಬ್ಯಾಡ್ರಿ ಅತ್ತಿ, ಜೀವ ಐತ್ರಿ" ಎಂದು ಅವರ ಕೈ ಹಿಡಿದೆ. ಕೊಡವಿದರು. ಗಿಂಡಿ ಪೂರ್ತಿ ಅದರ ಗಂಟಲಿಗೆ ಸುರಿದರು. ನಾಯಿ ಗೊರಗೊರ ಎಂದಿತು. ನಾಡಿ ತತ್ತರಿಸಿ ನಿಂತಿತು. ಡಾಕ್ಟರು ಓಡಿಬಂದು ಹಿಂಗಾಲು ಎತ್ತಿ ನೀರು ಇಳಿಸಿದರು, ಎದೆ ಒತ್ತಿದರು. ಜೀವ ಬರಲಿಲ್ಲ.

ಅತ್ತೆ ಅದರ ತಲೆ ಸವರಿ, "ನನ್ನ ಕೈಲೆ ನೀರು ಕುಡದು ಹೋತು" ಎಂದರು. ಮಾವನವರು ಹೋದ ಮೇಲೆ ಅವರ ಮುಖದಲ್ಲಿ ಅಂಥ ಸಮಾಧಾನ ನಾನು ಕಂಡಿರಲಿಲ್ಲ. ಬಾಗಿಲಲ್ಲಿ ಡಾಕ್ಟರು ನನಗಷ್ಟೇ ಕೇಳುವಂತೆ, "ನೀರು ಉಸಿರಿಗೆ ಹೋತು. ಅವರಿಗೆ ಹೇಳಬ್ಯಾಡವಾ" ಎಂದರು.

ನಾನು ಹೇಳಲಿಲ್ಲ. ಆದರೆ ಬಂದವರಿಗೆಲ್ಲ ಅತ್ತೆ ಆ ಕತೆ ಹೇಳುವಾಗ ನನ್ನ ಬೆರಳ ತುದಿಯಲ್ಲಿ ಆ ನಾಡಿ ಎದ್ದು ಓಡುತ್ತಿತ್ತು. ಸಿಟ್ಟು ಬರುತ್ತಿತ್ತು, ಅವರ ಮುಖ ನೋಡಿದರೆ ಇಳಿಯುತ್ತಿತ್ತು.

ಬಹಳ ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು. ಕೊನೆಯ ದಿನ ನನ್ನ ಬೆರಳು ಅವರ ಮಣಿಕಟ್ಟಿನ ಮೇಲಿತ್ತು. ಬಡಿತ ನಿಧಾನ, ನಾಲಿಗೆ ಒಣಗಿತ್ತು. "ಗಂಗಿ ಇಲ್ಲಲ್ಲ, ಬಾವಿ ನೀರ ಆತು. ನೀನ ಬಿಡು" ಎಂದು ಬಾಯಿ ತೆರೆದರು. ಮನೆಯವರೆಲ್ಲ ನೋಡುತ್ತಿದ್ದರು. ಚಮಚ ತುಟಿಯ ಹತ್ತಿರ ಒಯ್ದವಳು ಹೆದರಿ ನಿಂತುಬಿಟ್ಟೆ. ಬೆರಳ ಕೆಳಗೆ ಬಡಿತ ಇನ್ನೂ ಇತ್ತು.

ಅದು ನಿಂತ ಮೇಲೆಯೇ ನೀರು ಬಿಟ್ಟೆ. ಕಟಬಾಯಿಂದ ದಿಂಬಿಗೆ ಇಳಿಯಿತು.