ತಾತನ ಒಂಬತ್ತು ಪದ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಅಷ್ಟರಲ್ಲಿ ಕಥೆಯನ್ನು ನನ್ನ ಕಡೆಗೆ ವಾಲಿಸಿಕೊಂಡಿರುತ್ತೇನೆ. ಆ ಚಾಳಿ ನನಗಿದೆ. ಸ್ಯಾನ್ ಡಿಯೇಗೋದಲ್ಲಿ ನನಗೆ ಊಟ, ಹಾಸಿಗೆ, ಭಾಷೆ ಮೂರನ್ನೂ ಕೊಟ್ಟ ಮನೆಯಲ್ಲಿ, ಲಕ್ವ ಹೊಡೆದು ಮಾತು ಕಳೆದುಕೊಂಡಿದ್ದ ಮುದುಕರೊಬ್ಬರನ್ನು ಮನೆತುಂಬ ನೆಂಟರ ಮುಂದೆ ಅಣಕಿಸಿದೆ. ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

ಅಣಕು ನನಗೆ ಹುಟ್ಟುಗುಣ. ಗ್ಲೆಂಡೇಲ್‌ನ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ಕನ್ನಡ ಸಂಸಾರ ಸೇರಿದರೆ ಊಟವಾದ ಮೇಲೆ ನನ್ನ ಸರದಿ. ಕ್ಯಾಲಬಾಸಸ್ ದೇವಸ್ಥಾನದಲ್ಲಿ ಮೈಕ್ ಹಿಡಿದು, ಅಡ್ಡ ನಿಂತ ಕಾರಿನ ನಂಬರನ್ನು ಮಂತ್ರದ ಧಾಟಿಯಲ್ಲಿ ಓದುವ ಅಂಕಲ್. ಫೋನಿನಲ್ಲಿ ಅಪ್ಪಟ ಅಮೆರಿಕದವರಾಗಿ, ಫೋನ್ ಇಟ್ಟ ಕ್ಷಣ ಬಸವನಗುಡಿಗೆ ವಾಪಸಾಗುವ ಆಂಟಿ. ಎಲ್ಲರೂ ನನ್ನ ಗಂಟಲಲ್ಲಿದ್ದರು. ಅವರವರೇ ಎದುರಿಗೆ ಕೂತು ನಗುತ್ತಿದ್ದರು. ಹೀಗಾಗಿ, ಅಣಕಿಸಿಕೊಳ್ಳುವುದೆಂದರೆ ಜನಕ್ಕೆ ಒಂದು ಮರ್ಯಾದೆ ಸಿಕ್ಕಂತೆ ಎಂದು ನಾನು ತಿಳಿದುಕೊಂಡಿದ್ದೆ.

ಆಗ ನಾನು ಲಾಂಗ್ ಬೀಚ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದೆ. ಮಾಸ್ಕುಗಳು ಮುಖ ಬಿಟ್ಟು ಒಂದೆರಡು ವರ್ಷವಾಗಿತ್ತು. ತರಬೇತಿಗೆಂದು ಕ್ಲಿನಿಕ್ಕಿಗೆ ಹೋದರೆ ಬರುವವರೆಲ್ಲ ಸ್ಪ್ಯಾನಿಷ್ ಆಡುವವರು. ನಾನು ಹೊಟ್ಟೆನೋವನ್ನೂ ತಲೆನೋವನ್ನೂ ಮೂಕಾಭಿನಯದಲ್ಲೇ ವಿಚಾರಿಸುತ್ತಿದ್ದೆ. ಬೇಸಿಗೆಯಲ್ಲಿ ಆರು ವಾರ ಸ್ಯಾನ್ ಡಿಯೇಗೋಗೆ ಹೋಗಿ, ಬೆಳಿಗ್ಗೆ ತರಗತಿ, ಉಳಿದ ಹೊತ್ತು ಮೆಕ್ಸಿಕೋ ಮೂಲದ ಒಂದು ಮನೆಯಲ್ಲಿ ವಾಸ, ಹೀಗೆ ಭಾಷೆ ಕಲಿತು ಬಾ ಎಂದು ನಮ್ಮ ಮೇಡಂ ಕಳಿಸಿದರು. ಅಪ್ಲೈ ಮಾಡಿ, ಒಂದು ಸೂಟ್‌ಕೇಸು, ಒಂದು ಪುಳಿಯೋಗರೆ ಪುಡಿಯ ಡಬ್ಬಿ ಹಿಡಿದು ಹೊರಟೆ.

ಆ ಮನೆಯಲ್ಲಿ ಮೂವರಿದ್ದರು. ಮನೆಯೊಡತಿ ಅಜ್ಜಿಯನ್ನು ನಾನು ‘ಸೆನ್ಯೋರಾ’ ಎನ್ನುತ್ತಿದ್ದೆ. ಅವರ ಗಂಡ, ನಲವತ್ತು ವರ್ಷ ಊರಿನ ಅಡುಗೆಮನೆ ಬಚ್ಚಲುಮನೆಗಳಿಗೆಲ್ಲ ಟೈಲ್ಸ್ ಹಾಕಿದ ಮೇಸ್ತ್ರಿ. ಅವರನ್ನು ಮನಸ್ಸಿನಲ್ಲಿ ತಾತ ಎಂದೇ ಕರೆಯುತ್ತಿದ್ದೆ. ಮೂರನೆಯವಳು ಮೊಮ್ಮಗಳು, ಹಲ್ಲಿನ ಡಾಕ್ಟರರ ಹತ್ತಿರ ಸಹಾಯಕಿ. ಅವಳ ಅಪ್ಪ ಅಮ್ಮ ಇಬ್ಬರೂ ಅವಳ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಸಾಕಿದವರು, ಶಾಲೆಗೆ ಬಿಟ್ಟು ಬಂದವರು, ಈಗ ಮದುವೆ ಮಾಡಿಕೊಡುತ್ತಿದ್ದವರು ಇವರಿಬ್ಬರೇ. ನನ್ನ ಆರನೆಯ ವಾರದ ಶನಿವಾರ ಮದುವೆ ಎಂದು ಗೊತ್ತಾಗಿತ್ತು.

ತಾತನಿಗೆ ಹಿಂದಿನ ಚಳಿಗಾಲದಲ್ಲಿ ಲಕ್ವ ಹೊಡೆದಿತ್ತು. ಬಲಗೈ ಸೋತು, ಬಾಯಿಯ ಒಂದು ಬದಿ ಜಗ್ಗಿತ್ತು. ಮಾತು ಒಂದೊಂದೇ ಪದವಾಗಿ, ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವ ಹಾಗೆ ಬರುತ್ತಿತ್ತು. ಅವರು ದಿನವೂ ಹಿತ್ತಿಲ ನಿಂಬೆಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಆಸ್ಪತ್ರೆಯವರು ಕೊಟ್ಟ ಹಾಳೆ ನೋಡುತ್ತಾ ಪದಗಳನ್ನು ಒಪ್ಪಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ನಾನು, ತರಗತಿಯವರು ಕೊಟ್ಟ ಹಾಳೆ ಹಿಡಿದು. ನೀರು, ಬಾಗಿಲು, ಚಮಚ, ನಾಳೆ. ಇಬ್ಬರದೂ ಹೆಚ್ಚುಕಡಿಮೆ ಅದೇ ಪದಗಳು. ನಾನು ತಪ್ಪಿದರೆ ಅವರು ಎಡಗೈ ಬೆರಳಿನಿಂದ ಕುರ್ಚಿಯ ಹಿಡಿ ಕುಟ್ಟುತ್ತಿದ್ದರು. ಮೇಸ್ತ್ರಿಗಳು ಹಾಕಿದ ಟೈಲು ಕುಟ್ಟಿ, ಒಳಗೆ ಪೊಳ್ಳಿದೆಯೋ ಎಂದು ಕೇಳಿಸಿಕೊಳ್ಳುತ್ತಾರಲ್ಲ, ಹಾಗೆ.

ಒಂದು ವಾರವಾದ ಮೇಲೆ ತಾತ ಜೇಬಿನಿಂದ ಇನ್ನೊಂದು ಚೀಟಿ ತೆಗೆದರು. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ, ಒಂಬತ್ತು ಪದ. ದೇವರು ನಿನ್ನನ್ನು ಹರಸಲಿ ಮಗಳೇ, ಸದಾ ನಿನ್ನ ಜೊತೆಗಿರಲಿ ಎಂದು ಅರ್ಥ. ಅವರಲ್ಲಿ ಮದುಮಗಳು ಚರ್ಚಿಗೆ ಹೊರಡುವ ಮುಂಚೆ ಮನೆಯ ನಡುಕೋಣೆಯಲ್ಲಿ ಮಂಡಿಯೂರುತ್ತಾಳೆ. ಹಿರಿಯರು ಹಣೆಯ ಮೇಲೆ ಶಿಲುಬೆಯ ಗುರುತು ಎಳೆದು ಬಾಯಿಬಿಟ್ಟು ಹರಸಬೇಕು. ಹರಸಿದ ಮೇಲೆಯೇ ಹೊಸ್ತಿಲು ದಾಟುವುದು. ತಾತ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅಜ್ಜಿಗೂ ಹೇಳಿರಲಿಲ್ಲ, ಮೊಮ್ಮಗಳಿಗೂ ಹೇಳಿರಲಿಲ್ಲ. ಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಮುಂದಿನ ಒಂದು ವಾರ ಆ ಒಂಬತ್ತು ಪದಗಳನ್ನು ಅವರ ಜೊತೆ ನಾನೂ ಹೇಳಿಹೇಳಿ, ಅವರ ಉಸಿರು ಎಲ್ಲಿ ನಿಲ್ಲುತ್ತದೆ, ನಾಲಿಗೆ ಎಲ್ಲಿ ತೊಡರುತ್ತದೆ ಎಲ್ಲವೂ ನನಗೆ ಬಾಯಿಪಾಠವಾಯಿತು.

ಮೂರನೆಯ ವಾರದ ಭಾನುವಾರ ನೆಂಟರೆಲ್ಲ ಮಧ್ಯಾಹ್ನದ ಊಟಕ್ಕೆ ಬಂದರು. ಹಿತ್ತಿಲಲ್ಲಿ ಮೇಜು ಹಾಕಿದ್ದರು. ಯಾರೋ ಏನಾದರೂ ಅಣಕಿಸಿ ತೋರಿಸು ಎಂದರು, ನಾನು ಶುರು ಮಾಡಿದೆ. ಟಿವಿಯಲ್ಲಿ ಅಳುವ ಹೆಂಗಸಿಗೆ ಬುದ್ಧಿ ಹೇಳುವ ಸೆನ್ಯೋರಾ ಆಯಿತು. ನಿಲ್ದಾಣದ ಹೆಸರು ಕೂಗುವ ಟ್ರಾಲಿ ರೈಲು ಆಯಿತು. ಕ್ರಿಯಾಪದ ಹುಡುಕುತ್ತಾ ತಟ್ಟೆ ನೋಡುತ್ತಾ ಕೂರುವ ಇಂಡಿಯಾದ ಹುಡುಗ, ಅಂದರೆ ನಾನು, ಆಯಿತು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವುದನ್ನು ಮಾತ್ರ ನಾನು ಯಾರಿಂದಲೂ ಕಲಿತಿಲ್ಲ. ಬಾಯಿಯನ್ನು ಒಂದು ಬದಿಗೆ ಜಗ್ಗಿಸಿ, ಎಡಗೈ ಎತ್ತಿ, ಎದುರಿಗಿದ್ದ ಮೊಮ್ಮಗಳ ಕಡೆ ತಿರುಗಿ ಆ ಒಂಬತ್ತು ಪದ ಹೇಳಿದೆ. ತೊದಲು ಸಮೇತ.

ಒಬ್ಬಿಬ್ಬರು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ಮೊಮ್ಮಗಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಗಲಾಚೆ ನೋಡುತ್ತಿದ್ದಳು. ತಿರುಗಿದೆ. ತಾತ ಅಡುಗೆಮನೆಯ ಬಾಗಿಲಲ್ಲಿ ದಾಸವಾಳದ ಶರಬತ್ತಿನ ಜಗ್ಗು ಹಿಡಿದು ನಿಂತಿದ್ದರು. ಒಂದು ತೊಟ್ಟೂ ಚೆಲ್ಲದ ಹಾಗೆ ಅದನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು.

ಅಂದಿನಿಂದ ಅವರ ಮಾತು ನಿಂತಿತು. ಹಾಳೆಯೂ ಇಲ್ಲ, ಚೀಟಿಯೂ ಇಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಿದ್ದರು. ಸೆನ್ಯೋರಾ ನನ್ನನ್ನು ಬಯ್ಯಲಿಲ್ಲ. ಮಾಂಸ ತಿನ್ನದವನೆಂದು ಹಂದಿಯ ಕೊಬ್ಬು ಹಾಕದೆ ನನಗಾಗಿ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಿದ್ದ ಕಾಳು, ಮಾರನೆಯ ದಿನವೂ ಅದೇ ಪಾತ್ರೆಯಲ್ಲಿ ಬಂತು. ಅದನ್ನು ನುಂಗುವುದು ಬೈಗುಳ ನುಂಗುವುದಕ್ಕಿಂತ ಕಷ್ಟವಾಗಿತ್ತು.

ಗ್ಲೆಂಡೇಲ್‌ಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಹೇಳಿದೆ.

“ಕ್ಷಮೆ ಕೇಳಿದ್ಯಾ?”

“ಕೇಳ್ದೆ ಚಿಕ್ಕಮ್ಮ.”

“ಯಾವ ಭಾಷೇಲಿ?”

“ಸ್ಪ್ಯಾನಿಷ್‌ನಲ್ಲಿ. ಬರ್ಕೊಂಡು ಹೋಗಿ ಓದ್ದೆ.”

“ಅದಕ್ಕೇ ಮತ್ತೆ. ನಿನ್ನ ಸ್ಪ್ಯಾನಿಷ್ ಕೇಳಿ, ಇನ್ನೊಂದ್ ಸಲ ಆಡ್ಕೊಂಡ ಅಂತ ತಿಳ್ಕೊಂಡಿರ್ತಾರೆ. ಹೋಗಿ ಕಾಲಿಗೆ ಬೀಳೋ ಹೋಗು.”

ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಬಗ್ಗಿ ಅವರ ಪಾದ ಮುಟ್ಟಿದೆ. ತಾತ ಗಾಬರಿಯಾಗಿ ಕಾಲು ಹಿಂದೆಗೆದು, ತಮ್ಮ ಬೂಟನ್ನು ನೋಡಿಕೊಂಡರು. ಅದರ ಲೇಸು ಬಿಚ್ಚಿತ್ತು. ಬಲಗೈ ಸೋತವರಿಗೆ ಅದನ್ನು ಕಟ್ಟುವುದು ಆಗುತ್ತಿರಲಿಲ್ಲ. ಅದಕ್ಕೇ ಬಗ್ಗಿದ್ದಾನೆ ಎಂದುಕೊಂಡು ಕಾಲನ್ನು ಮತ್ತೆ ಮುಂದೆ ಚಾಚಿದರು. ನಾನು ಲೇಸು ಕಟ್ಟಿದೆ. ಕ್ಷಮೆ ಕೇಳಲು ಹೋದವನು ಗಂಟು ಹಾಕಿ ಬಂದೆ. ಅಂದಿನಿಂದ ದಿನ ಬೆಳಿಗ್ಗೆ ಅವರು ಕಾಲು ಚಾಚುತ್ತಿದ್ದರು, ನಾನು ಕಟ್ಟುತ್ತಿದ್ದೆ. ಮಾತು ಮಾತ್ರ ಇಲ್ಲ.

ಮದುವೆಗೆ ಒಂದು ವಾರವಿತ್ತು. ಮೊಮ್ಮಗಳು ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದಳು. ಅವಳ ಸ್ಪ್ಯಾನಿಷ್ ನನ್ನ ನೆನಪಿನಲ್ಲಿ ಈಗ ಕನ್ನಡವಾಗಿಯೇ ಉಳಿದಿದೆ.

“ತಾತ ಅದನ್ನ ಎಷ್ಟು ದಿನ ಪ್ರಾಕ್ಟೀಸ್ ಮಾಡಿದ್ರು?”

“ಏಳು ದಿನ.”

“ಪೂರ್ತಿ ಹೇಳೋಕೆ ಬರ್ತಿತ್ತಾ?”

“ಆರು ಪದದವರೆಗೆ ಬರ್ತಿತ್ತು.”

ಅವಳು ನಲ್ಲಿ ನಿಲ್ಲಿಸಿದಳು. “ನನಗೆ ಎರಡು ಸಿಕ್ಕಿದ್ರೂ ಸಾಕಿತ್ತು.”

ನನ್ನ ಗಂಟಲಲ್ಲಿರುವ ಅಷ್ಟೊಂದು ಜನರಲ್ಲಿ ಒಬ್ಬರಿಗೂ ಆಡಲು ಮಾತಿರಲಿಲ್ಲ.

ಮದುವೆಯ ಹಿಂದಿನ ದಿನ ಸೆನ್ಯೋರಾ ನನ್ನನ್ನು ಪಕ್ಕಕ್ಕೆ ಕರೆದರು. “ಮಗಾ, ನಾಳೆ ತಾತ ಹರಸೋವಾಗ ಅವರ ಹಿಂದೆ ನಿಂತ್ಕೋ. ಪದ ಸಿಗದೆ ಹೋದ್ರೆ ಕಿವೀಲಿ ಹೇಳು. ನಿನಗೆ ಬರತ್ತಲ್ಲ.” ಕೊನೆಯ ಮಾತನ್ನು ಅವರು ಚುಚ್ಚಲೆಂದು ಹೇಳಲಿಲ್ಲ. ಚುಚ್ಚಿತು.

ಶನಿವಾರ ಬೆಳಿಗ್ಗೆ ಆಕಾಶ ಬೂದಿ ಬಣ್ಣಕ್ಕಿತ್ತು; ಸಮುದ್ರದ ಮಂಜು ಇನ್ನೂ ಚದುರಿರಲಿಲ್ಲ. ತಾತ ತಾವೇ ಎಂದೋ ಟೈಲ್ಸ್ ಹಾಕಿದ್ದ ನಡುಕೋಣೆಯ ನೆಲದ ಮೇಲೆ ಒಂದು ದಿಂಬು ಇಟ್ಟರು. ಬಿಳಿಯ ಉಡುಪನ್ನು ಸುತ್ತ ಹರಡಿಕೊಂಡು ಮೊಮ್ಮಗಳು ಮಂಡಿಯೂರಿದಳು. ಸೆನ್ಯೋರಾ ಮೊದಲು ಹರಸಿದರು, ಅಳುತ್ತಾ, ಬೇಗ ಬೇಗ. ನಂತರ ತಾತ ಮುಂದೆ ಬಂದರು. ಅವರ ಹಿಂದೆ ನಾನು, ಕಡ ತಂದ ಕೋಟಿನಲ್ಲಿ, ನಾಟಕದಲ್ಲಿ ಪರದೆಯ ಪಕ್ಕದಿಂದ ಮಾತು ಎತ್ತಿಕೊಡುವವನ ಹಾಗೆ. ಹೊರಗೆ ಕಾರುಗಳು ಸ್ಟಾರ್ಟ್ ಆಗಿಯೇ ನಿಂತಿದ್ದವು.

ತಾತ ಎಡಗೈಯನ್ನು ಅವಳ ತಲೆಯ ಮೇಲಿಟ್ಟರು. ಬಾಯಿ ತೆರೆದರು. ಮೊದಲ ಪದ ಬಂತು. ಮೂರು ವಾರದ ನಂತರ ಬಂದ ಮೊದಲ ಪದ. ಎರಡನೆಯದು ಬರಲಿಲ್ಲ. ದವಡೆ ಆಡುತ್ತಿತ್ತು, ಗಂಟಲಿನ ನರ ಎದ್ದು ನಿಂತಿತ್ತು, ಪದವಿಲ್ಲ. ಕೋಣೆಯಲ್ಲಿದ್ದವರೆಲ್ಲ ನೆಲ ನೋಡತೊಡಗಿದರು. ಮೊಮ್ಮಗಳು ಮಾತ್ರ ಮುಖವೆತ್ತಿ ಅವರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಯಾವ ಆತಂಕವೂ ಇರಲಿಲ್ಲ. ಆ ಮುಖ ನನಗೂ ಕಾಣುತ್ತಿತ್ತು. ಆದರೂ ತಡೆಯಲಾಗಲಿಲ್ಲ. ಮುಂದೆ ಬಾಗಿ, ಅವರ ಕಿವಿಯ ಹತ್ತಿರ, ಎರಡನೆಯ ಪದವನ್ನು ಉಸುರಿದೆ.

ಆಮೇಲೆ ಆದದ್ದನ್ನು ಮೊದಲು ಹೇಳುತ್ತೇನೆ. ತಾತ ಒಂಬತ್ತೂ ಪದ ಹೇಳಿದರು. ಆರರ ನಂತರ ಒಮ್ಮೆ ಕಣ್ಣು ಮುಚ್ಚಿ ನಿಂತರು, ಏಳನೆಯದು ಎರಡು ಸಲ ಬಿದ್ದು ಎದ್ದು ಬಂತು, ಆದರೆ ಒಂದನ್ನೂ ಬಿಡಲಿಲ್ಲ. ಹಣೆಯ ಮೇಲೆ ಎಡಗೈಯಲ್ಲೇ ಶಿಲುಬೆ ಎಳೆದರು. ಚರ್ಚಿನಲ್ಲಿ ಕಾದವರು ಕಾದರು. ಅಲ್ಲಿಂದೀಚೆಗೆ ಕ್ಲಿನಿಕ್ಕಿನಲ್ಲಿ ಯಾರಾದರೂ ಪದ ಹುಡುಕುತ್ತಾ ನಿಂತರೆ ನಾನು ಬಾಯಿ ಹಾಕುವುದಿಲ್ಲ. ತಾತನ ಅಣಕನ್ನು ಮತ್ತೆ ಎಲ್ಲೂ ಮಾಡಿಲ್ಲ.

ಆದರೆ ಇದೆಲ್ಲಕ್ಕೂ ಮುಂಚೆ, ನಾನು ಉಸುರಿದ ಆ ಕ್ಷಣದಲ್ಲಿ, ತಾತ ಅವಳ ತಲೆಯ ಮೇಲಿನ ಕೈ ತೆಗೆಯದೆ ಕತ್ತನ್ನಷ್ಟೇ ನನ್ನ ಕಡೆ ತಿರುಗಿಸಿದರು. ಅಷ್ಟು ಮಾತು ಎಲ್ಲಿಂದ ಬಂತೋ, ಒಂದೊಂದೇ ಪದವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಮಂಡಿಯೂರಿ ಕೂತಿರೋಳು ಅವಳು. ಅವಳಿಗೇ ಇಲ್ಲದ ಅವಸರ ನಿನಗ್ಯಾಕೆ?”