ಖುಲ್ತಾಬಾದಿನಲ್ಲಿಲ್ಲದ ಕೆಂಪು ಮಣ್ಣು

ಮಹಾನಂದಾ ಟೀಚರ್, ನೀವು ಕಳಿಸಿದ ಆ ತೋಳದ ಚಿತ್ರ ಖುಲ್ತಾಬಾದಿನದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದರ ಮುಂದೆ ‘ಪರಿಶೀಲಿಸಲಾಗಿದೆ’ ಎಂದು ಗುರುತು ಹಾಕಿದೆ. ಒಬ್ಬ ಮನುಷ್ಯನನ್ನು ಎಲ್ಲರೆದುರು ಬೀಳಿಸಬೇಕಿತ್ತು — ಅದಕ್ಕೆ ನಿಮ್ಮ ಚಿತ್ರ ಸಿಕ್ಕಿತು.

ನಾಸಿಕದ ಕಚೇರಿಯಲ್ಲಿ ನನ್ನ ಕೆಲಸ ಇಷ್ಟೇ: ಯಾವ ಗಿಡ, ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಊರೂರಿನ ಜನ ಆ್ಯಪಿನಲ್ಲಿ ಕಳಿಸಿದ್ದನ್ನು ಒಂದೆಡೆ ಕೂಡಿಸಿ, ತಪ್ಪು ತಿದ್ದಿ, ನಕ್ಷೆ ಮಾಡುವುದು. ಆ ನಕ್ಷೆ ನೋಡಿಯೇ ಸರ್ಕಾರ ಯಾವ ಗುಡ್ಡ ಉಳಿಸಬೇಕು, ಯಾವುದನ್ನು ಕಲ್ಲುಗಣಿಗೆ ಬಿಡಬೇಕು ಎಂದು ನಿರ್ಧರಿಸುತ್ತದೆ. ಸಂಭಾಜಿನಗರದಲ್ಲಿ ಕೂತ ನಮ್ಮ ಮುಖ್ಯಸ್ಥರು, ಪ್ರಭಾಕರ ಸರ್, ಅದನ್ನು ಅಧಿಕಾರಿಗಳ ಮುಂದಿಡುತ್ತಿದ್ದರು.

ವರ್ಷಗಟ್ಟಲೆ ಕಣ್ಣು ಕೆಡಿಸಿಕೊಂಡು ನಾನು ಮಾಡಿದ ನಕ್ಷೆ ಅವರೊಬ್ಬರ ಹೆಸರಿನಲ್ಲಿ ಅಚ್ಚಾಯಿತು. ಬಿಡುಗಡೆಯ ದಿನ ಅಧಿಕಾರಿಯೊಬ್ಬರು ನನ್ನತ್ತ ಕೈ ತೋರಿಸಿ ಇವರ್‍ಯಾರು ಎಂದು ಕೇಳಿದರು. ಪ್ರಭಾಕರ ಸರ್ ನನ್ನತ್ತ ತಿರುಗದೆಯೇ, “ಹ್ಯಾ ಆಮಚಂ ಟೈಪಿಂಗ್ ಬಘತಾತ್” ಎಂದರು. ನಮ್ಮ ಟೈಪಿಂಗ್ ನೋಡಿಕೊಳ್ಳುವವಳು! ನಾನು ನಕ್ಕೆ. ನಕ್ಕದ್ದಕ್ಕೆ ನನ್ನ ಮೇಲೆಯೇ ಹೇಸಿಗೆ ಬಂತು — ಅವತ್ತೇ ನಿರ್ಧರಿಸಿದೆ.

ಆಗ ಅವರು ಸಂಭಾಜಿನಗರದ ಹತ್ತಿರದ ಖುಲ್ತಾಬಾದಿನಾಚೆಯ ಹುಲ್ಲುಗುಡ್ಡಗಳನ್ನು ತೋಳಗಳಿಗಾಗಿ ಕಾಯ್ದಿಡಬೇಕೆಂದು ಓಡಾಡುತ್ತಿದ್ದರು. ತೋಳಗಳು ಅಲ್ಲಿ ತಿರುಗಾಡುತ್ತಿದ್ದದ್ದು ನಿಜ. ಮರಿ ಹಾಕುತ್ತವೆ ಎಂಬುದಕ್ಕೆ ಮಾತ್ರ ಪುರಾವೆಯಿರಲಿಲ್ಲ. ಆಗಲೇ ನಿಮ್ಮ ಚಿತ್ರ ಬಂತು — ಮರಿಗಳೊಂದಿಗೆ ತಾಯಿತೋಳ. ಹಿಂದೆಯೇ ನಿಮ್ಮ ಫೋನು.

“ಮೇಡಂ, ಒಂದು ತಪ್ಪಾಗ್ಯಾದ್ರಿ. ಆ ತೋಳ ನಮ್ಮ ತವರುಮನಿ ಕಡೀದು, ಬೀದರದ್ದು. ಖುಲ್ತಾಬಾದಿಗೆ ಸಾಲಿ ಮಕ್ಕಳನ್ನ ಕರಕೊಂಡು ಹೋದಾಗ ಅಲ್ಲಿಂದ ಕಳಿಸೀನಿ. ಆ್ಯಪಿನ್ಯಾಗ ಅದೇ ಜಾಗ ಬಿದ್ದದ. ಸರಿ ಮಾಡ್ತೀರೇನ್ರಿ?”

“ಮಾಡ್ತೀನ್ರಿ ಟೀಚರ್, ನೀವು ಚಿಂತಿ ಮಾಡಬ್ಯಾಡ್ರಿ.”

ಚಿತ್ರವನ್ನು ಇನ್ನೊಮ್ಮೆ ನೋಡಿದೆ. ತೋಳದ ಕಾಲಡಿ ಕೆಂಪು ಮಣ್ಣು — ಬೀದರಿನ ಮಣ್ಣು. ನಾನು ಕಲಬುರಗಿಯವಳು, ಚಿಕ್ಕಂದಿನಲ್ಲಿ ನೆಂಟರ ಊರಿಗೆ ಹೋದಾಗ ಆ ಮಣ್ಣು ಮೆತ್ತಿಕೊಂಡು ಬೈಸಿಕೊಂಡವಳು. ಖುಲ್ತಾಬಾದಿನಲ್ಲಿ ಇರುವುದು ಕರಿಕಲ್ಲು, ಕರಿಮಣ್ಣು. ಪ್ರಭಾಕರ ಸರ್ ಚಿತ್ರ ನೋಡುವವರಲ್ಲ, ನಾನು ಹಾಕಿದ ಗುರುತು ನೋಡುವವರು. ಗುರುತು ಹಾಕಿದೆ.

ಆ ಗುಡ್ಡಗಳ ಬಗ್ಗೆ ತೀರ್ಮಾನಿಸುವ ಸಮಿತಿಯ ಸಭೆಗೆ ನಾನೂ ಹೋಗಿದ್ದೆ. ಅವರು ಚಿತ್ರವನ್ನು ಗೋಡೆಯಗಲ ತೋರಿಸಿದರು. ಸಮಿತಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, ಖುಲ್ತಾಬಾದಿನಲ್ಲಿ ಇಷ್ಟು ಕೆಂಪು ಮಣ್ಣು ಎಲ್ಲಿದೆ ಎಂದರು. ಪ್ರಭಾಕರ ಸರ್ ತಡವರಿಸಿದರು, ಬೆವರಿದರು. ಟೀಚರ್, ನಿಮ್ಮ ಹತ್ತಿರ ಸುಳ್ಳು ಹೇಳಲಾರೆ — ಅಷ್ಟು ಸುಖ ನನಗೆ ಮತ್ತೆಂದೂ ಸಿಕ್ಕಿಲ್ಲ.

ಪ್ರಭಾಕರ ಸರ್ ಅಲ್ಲಿಂದಲೇ ನಿಮಗೆ ಫೋನು ಹಚ್ಚಿದರು, ಎಲ್ಲರಿಗೂ ಕೇಳುವಂತೆ. ಆವಾಗಲೇ ನಾಸಿಕದ ಮೇಡಂಗೆ ತಿಳಿಸಿದ್ದೆ ಎಂದಿರಿ ನೀವು. ಎಲ್ಲರೂ ನನ್ನತ್ತ ತಿರುಗಿದರು. ಹೌದೆಂದಿದ್ದರೆ ಅವರು ಪಾರಾಗುತ್ತಿದ್ದರು, ಸಿಕ್ಕಿಬೀಳುವವಳು ನಾನು.

“ನನಗೆ ಯಾವ ಫೋನೂ ಬಂದಿಲ್ಲ” ಎಂದೆ.

ಅಲ್ಲಿಗೆ ಮುಗಿಯಿತು. ನೀವು ಕಳಿಸಿದ ಜಾಗ ನಂಬಿ ಗುರುತು ಹಾಕಿದವಳು ನಾನೆಂದಾಯಿತು, ಚಿತ್ರವನ್ನು ನೋಡದೆಯೇ ಸಮಿತಿಯ ಮುಂದಿಟ್ಟ ತಪ್ಪು ಅವರದಾಯಿತು. ಪ್ರಭಾಕರರನ್ನು ಬೇರೆ ಕೆಲಸಕ್ಕೆ ಹಾಕಿದರು, ಅವರ ಕುರ್ಚಿ ನನಗೆ ಬಂತು. ಒಂದು ಸುಳ್ಳಿನಿಂದಾಗಿ ಆ ಗುಡ್ಡದ ನಿಜವಾದ ದಾಖಲೆಗಳನ್ನೂ ಯಾರೂ ನಂಬಲಿಲ್ಲ. ಈಗ ಅಲ್ಲಿ ಜಲ್ಲಿ ಕ್ರಷರ್ ಓಡುತ್ತಿದೆ. ನಿಮ್ಮ ಹೆಸರನ್ನು ಸುಳ್ಳು ಮಾಹಿತಿ ಕೊಡುವವರ ಸಾಲಿಗೆ ಸೇರಿಸಿದೆವು — ಸೇರಿಸಿದೆವು ಏನು, ನಾನೇ ಸೇರಿಸಿದೆ.

ಹೋದ ತಿಂಗಳು ತ್ರ್ಯಂಬಕೇಶ್ವರದಿಂದ ನಾಸಿಕಕ್ಕೆ ಬರುವ ಜೀಪಿನಲ್ಲಿ ನಿಮ್ಮ ಪಕ್ಕ ಕೂತಿದ್ದವಳು ನಾನು. ನಾನು ಫೋನಿನಲ್ಲಿ ಅಮ್ಮನೊಂದಿಗೆ ಕನ್ನಡ ಮಾತಾಡುತ್ತಿದ್ದದ್ದು ಕೇಳಿ ನೀವೇ ಮಾತಿಗೆಳೆದಿರಿ. ನಿಮ್ಮ ಹೆಸರು, ಶಾಲೆ ಹೇಳಿದಿರಿ. ನನ್ನ ಹೆಸರು ಕೇಳಿದಾಗ ಬಾಯಿಗೆ ಬಂದ ಯಾವುದೋ ಹೆಸರು ಹೇಳಿದೆ. ಕಿಟಕಿಯಾಚೆ ಗಿಡುಗವೊಂದು ತೇಲುತ್ತಿತ್ತು. ಫೋಟೋ ತೆಗೆಯುವುದಿಲ್ಲವೇ ಎಂದು ಕೇಳಿದೆ — ಯಾಕೆ ಕೇಳಿದೆನೋ.

“ಬಿಟ್ಟೀನ್ರಿ. ಒಮ್ಮೆ ಸುಳ್ಳಿ ಅಂತ ಹೆಸರು ಬಂತು. ಫೋನ್ ಮಾಡಿ ಹೇಳಿದ್ದೆ, ಯಾರೂ ನಂಬಲಿಲ್ಲ. ಮಗಳು ಸೈತ, ‘ಆಯಿ, ತೂ ಖರಂಚ್ ಫೋನ್ ಕೇಲಾ ಹೋತಾಸ್ ಕಾ’ ಅಂದ್ಲು. ನಿಜ ಮಾಡಿದ್ದೀ ಏನು ಅಂತ! ಈಗೀಗ ನನಗೂ ಅನುಮಾನ ಬರ್ತದ್ರಿ. ಮಾಡಿದ್ನೋ ಇಲ್ಲೋ...”

ನಾಸಿಕ ಬಂದಾಗ ಆ ಸುಳ್ಳು ಹೆಸರಿನಲ್ಲೇ ಇಳಿದು ಹೋದೆ.

ಮೊನ್ನೆ ಸಮಿತಿಯೆದುರು ಎಲ್ಲ ಹೇಳಿ, ಕುರ್ಚಿ ಬಿಟ್ಟು ಬಂದೆ. ನಿಮ್ಮ ಹೆಸರಿನ ಕಳಂಕ ತೆಗೆಸಿದ್ದೇನೆ. ಪ್ರಭಾಕರರ ಕ್ಷಮೆ ಕೇಳಿಲ್ಲ. ಅವರು ಬೆವರಿದ ಗಳಿಗೆ ನೆನೆದರೆ ಈಗಲೂ ಎದೆಯಲ್ಲಿ ಏನೋ ಹಿಗ್ಗುತ್ತದೆ — ಆ ವಿಷ ಇನ್ನೂ ಇಳಿದಿಲ್ಲ. ನಾನು ಒಳ್ಳೆಯವಳಾಗಿದ್ದೇನೆಂದು ನೀವು ತಿಳಿಯಬಾರದು.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ‘ನಿನ್ನ ಅಮ್ಮ ಫೋನ್ ಮಾಡಿದ್ದರು, ಎತ್ತಿದವಳು ನಾನೇ’ ಎಂದು ನಿಮ್ಮ ಮಗಳಿಗೆ ಅವಳ ಮರಾಠಿಯಲ್ಲೇ ಹೇಳುತ್ತೇನೆ. ನೀವು ಕೂಡ್ರಿ ಅನ್ನಬೇಕಿಲ್ಲ. ಬಾಗಿಲಲ್ಲಿ ನಿಂತೇ ಹೇಳಿ ಹೋಗುತ್ತೇನೆ.