ಎಡಕ್ಕೆ ಎಳೆದ ಸ್ಟೇರಿಂಗ್

ನಂಬಿ ಎಂದು ಯಾರನ್ನೂ ಬೇಡಿಕೊಳ್ಳುವುದಿಲ್ಲ. ಲಾರಿಯವರು ನಿದ್ದೆಗಣ್ಣಿನಲ್ಲಿ ಏನೇನೋ ಕಾಣುತ್ತಾರೆ ಎಂದು ನಗುವವರು ನಗಲಿ. ಅವತ್ತು ನಾನು ಮಧ್ಯಾಹ್ನವಿಡೀ ಮಲಗಿ ಎದ್ದಿದ್ದೆ. ಕುಡಿದಿರಲಿಲ್ಲ. ನನ್ನ ಮೈಮೇಲೆ ಆದದ್ದನ್ನು ಆದ ಹಾಗೆಯೇ ಹೇಳುತ್ತಿದ್ದೇನೆ.

ಗಂಗಾವತಿಯ ಮಿಲ್ಲಿನಿಂದ ಅಕ್ಕಿ ಲೋಡ್ ಮಾಡಿಕೊಂಡು ಕೊಪ್ಪಳದ ಮೇಲೆ ಕುಷ್ಟಗಿಗೆ ಹೊರಟಾಗ ಮನೆಗಳಲ್ಲಿ ದೀಪ ಹಚ್ಚುವ ಹೊತ್ತು. ಹತ್ತು ಗಾಲಿಯ ಲಾರಿ. ಜೊತೆಗೆ ಇನ್ನೊಬ್ಬ ಡ್ರೈವರ್ ದುರುಗಪ್ಪ, ನನಗಿಂತ ಹಿರಿಯ. ಆ ಲಾರಿ ತನಗೇ ಸಿಗುತ್ತದೆ ಎಂದು ಕಾದಿದ್ದವನು. ಮಾಲೀಕರು ಕೀಲಿಯನ್ನು ನನ್ನ ಕೈಗಿಟ್ಟಾಗಿನಿಂದ ನನ್ನನ್ನು ಕಂಡರೆ ಉರಿದು ಬೀಳುತ್ತಿದ್ದ. ನನಗೂ ಅವನ ಮುಖ ಕಂಡರೆ ಆಗುತ್ತಿರಲಿಲ್ಲ.

ನನಗೊಂದು ಚಟವಿತ್ತು. ಬಲ ಮೊಳಕೈಯನ್ನು ಕಿಟಕಿಗೆ ಊರಿ, ಅದೊಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿಯುವುದು. ಹೆಬ್ಬೆರಳನ್ನು ಚಕ್ರದ ಒಳಗಿನ ಕಡ್ಡಿಗೆ ಸಿಕ್ಕಿಸಿಕೊಳ್ಳುವುದು. ಊರು ದಾಟುತ್ತಲೇ ದುರುಗಪ್ಪ ಬಾಗಿ ಬಂದು ಟಾರ್ಚಿನಿಂದ ನನ್ನ ಬೆರಳ ಗೆಣ್ಣಿಗೆ ಬಾರಿಸಿದ.

“ಎರಡೂ ಕೈ ಹಚ್ಚಲೇ ಯಮನೂರಾ! ಹೆಬ್ಬಟ್ಟು ಹೊರಗಿಡು. ಗಾಲಿ ಗುಂಡಿಗಿ ಇಳೀತಂದ್ರ ಸ್ಟೇರಿಂಗ್ ಗರ್ರನೆ ತಿರುಗಿ ಅದನ್ನ ಮುರೀತೈತಿ.”

“ಗಾಡಿ ನನ್ನ ಕೈಯಾಗ ಐತಿ. ನಿನ್ನ ಪಾಠ ನಿನ್ನ ಹತ್ರ ಇಟ್ಕೋ.”

“ನಿನ್ನ ಕೈಯಾಗ?” ಅವನು ನಕ್ಕ. “ಸಾಯ್ತಿ ಮಗನ. ಇದನ್ನ ಹಿಡ್ಕೊಂಡೇ ಸಾಯ್ತಿ.”

ಚಪ್ಪಲಿ ಕಳಚಿ, ಸೀಟಿನ ಹಿಂದೆ ಮಲಗಲು ಇರುವ ಹಲಗೆಗೆ ಹತ್ತಿ ಪರದೆ ಎಳೆದುಕೊಂಡ.

ಹೇಮಗುಡ್ಡ ಇನ್ನೂ ಮುಂದಿತ್ತು. ರಸ್ತೆಯ ಎಡಕ್ಕೆ ಕಾಲುವೆ ಬಂತು. ಎದುರಿಗೆ ಒಂದೂ ಗಾಡಿಯಿಲ್ಲ... ಟೈರಿನ ಗುಂಯ್‌ಗುಟ್ಟುವಿಕೆ, ಮೂಟೆಗಳ ಮೇಲೆ ಬಿಗಿದ ಹಗ್ಗದ ಕಿರಕಿರ, ಅಷ್ಟೇ. ಮೊದಲು ವಾಸನೆ ಬಂತು. ತಳದಿಂದ ಕಲಕಿದ ಕೆಸರಿನ ವಾಸನೆ. ಕಿಟಕಿಯ ಗಾಜು ಏರಿಸಿದೆ. ವಾಸನೆ ಇನ್ನೂ ಜಾಸ್ತಿಯಾಯಿತು... ಅದು ಒಳಗೇ ಇತ್ತು.

ಆಮೇಲೆ ಸ್ಟೇರಿಂಗ್ ಭಾರವಾಯಿತು.

ಒಂದೇ ಬೆರಳಿಗೆ ತಿರುಗುವ ಪವರ್ ಸ್ಟೇರಿಂಗ್ ಅದು. ಎಡಕ್ಕೆ ಎಳೆಯತೊಡಗಿತು. ಮುಂದಿನ ಟೈರಿನ ಗಾಳಿ ಇಳಿದಿರಬೇಕೆಂದು ವೇಗ ತಗ್ಗಿಸಿ, ಎರಡೂ ಕೈ ಹಚ್ಚಿ ಬಲಕ್ಕೆ ಒತ್ತಿ ಹಿಡಿದೆ. ಆಗ ನನ್ನ ಎರಡೂ ಕೈಗಳ ಮೇಲೆ ಬೆರಳುಗಳು ಕೂತವು.

ತಣ್ಣಗಿದ್ದವು. ಒದ್ದೆಯಾಗಿದ್ದವು. ನನ್ನ ಬೆರಳ ಸಂದಿಯಲ್ಲಿ ಒಂದೊಂದಾಗಿ ಇಳಿದು ಬಿಗಿಯಾದವು... ಕ್ಯಾಬಿನ್ನಿನಲ್ಲಿ ಕತ್ತಲು. ರಸ್ತೆಯಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ.

“ದುರುಗಪ್ಪಾ... ಕೈ ತೆಗಿ.”

ಹಿಡಿತ ಇನ್ನಷ್ಟು ಒತ್ತಿತು.

“ಎಡಕ್ಕ ಕಾಲುವಿ ಐತಿ! ಇಬ್ರೂ ಸಾಯ್ತೀವಿ, ಬಿಡಲೇ!”

ಕಿವಿಯ ಪಕ್ಕದಲ್ಲೇ ಯಾರೋ ಉಸಿರು ಒಳಕ್ಕೆ ಎಳೆದುಕೊಂಡ ಸದ್ದು. ಮರುಕ್ಷಣ ಸ್ಟೇರಿಂಗ್ ರಪ್ಪನೆ ಎಡಕ್ಕೆ ತಿರುಗಿತು. ಕಡ್ಡಿಗೆ ಸಿಕ್ಕಿಸಿದ್ದ ಹೆಬ್ಬೆರಳು ಲಟಕ್ಕೆಂದಿತು. ಕಿರುಚುತ್ತಲೇ ಬ್ರೇಕಿನ ಮೇಲೆ ನಿಂತುಬಿಟ್ಟೆ. ಹಿಂದಿನ ಅಕ್ಕಿಯ ಭಾರವೆಲ್ಲ ಲಾರಿಯನ್ನು ಮುಂದಕ್ಕೆ ದೂಡಿತು... ಏರ್ ಬ್ರೇಕ್ ಬುಸ್ಸೆಂದಿತು... ನಿಂತೆವು. ಎಡಗಾಲಿ ಕಾಲುವೆಯ ದಂಡೆಯ ಮಣ್ಣಿನಲ್ಲಿ ಹೂತಿತ್ತು. ದೀಪದ ಬೆಳಕು ನೀರಿನ ಮೇಲೆ ಬಿದ್ದಿತ್ತು.

ಕೈಗಳ ಮೇಲಿನ ಹಿಡಿತ ಹೋಗಿತ್ತು. ತಿರುಗಿ ನೋಡಿದೆ. ದುರುಗಪ್ಪ ಪರದೆಯಿಂದ ಸೊಂಟದವರೆಗೆ ಹೊರಬಂದಿದ್ದ. ಎರಡೂ ಕೈ ನನ್ನ ಹೆಗಲ ಮೇಲಿಂದ ಮುಂದಕ್ಕೆ ಚಾಚಿದ್ದವು.

ಕಾಲರ್ ಹಿಡಿದು ಎಳೆದೆ. ನೆಟ್ಟಗಿದ್ದ ಕೈಯಿಂದ ಕಪಾಳಕ್ಕೆ ಹೊಡೆದೆ. “ಗಾಡಿ ಸಿಗಲಿಲ್ಲಂತ ಕೊಲ್ಲಾಕ ಬಂದೇನಲೇ?” ಅವನು ತಿರುಗಿ ಹೊಡೆಯಲಿಲ್ಲ. ನನ್ನನ್ನು ನೋಡಲೂ ಇಲ್ಲ. ಸ್ಟೇರಿಂಗನ್ನೇ ನೋಡುತ್ತಿದ್ದ.

“ಇಳಿ...” ಪಿಸುಗುಟ್ಟಿದ. “ಮೊದ್ಲು ಕೆಳಗ ಇಳಿ.”

ತಾನೇ ಧುಮುಕಿ, ಬರಿಗಾಲಲ್ಲಿ ಗಂಗಾವತಿ ಕಡೆಗೆ ಕತ್ತಲಲ್ಲಿ ನಡೆದು ಹೋದ. ಕೂಗಿದೆ. ತಿರುಗಲಿಲ್ಲ.

ಮರುದಿನ ಮೆಕ್ಯಾನಿಕ್ ಸ್ಟೇರಿಂಗ್ ಪೂರ್ತಿ ಬಿಚ್ಚಿ ನೋಡಿದ. ಏನೂ ದೋಷವಿಲ್ಲ, ಟೈರಿನ ಗಾಳಿಯೂ ಸರಿ ಎಂದ. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ದುರುಗಪ್ಪ ನನ್ನನ್ನು ಕೊಲ್ಲಲು ಬಂದ ಎಂದು ಸಿಕ್ಕವರಿಗೆಲ್ಲ ಹೇಳಿದೆ. ಅವನಿಗೆ ಮತ್ತೆ ಯಾರೂ ಗಾಡಿ ಕೊಡಲಿಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ವೆಲ್ಡಿಂಗ್ ಅಂಗಡಿ ಸೇರಿದ್ದಾನೆಂದು ತಿಳಿಯಿತು. ಕೈಯ ಪಟ್ಟಿ ಬಿಚ್ಚಿದ ಮೇಲೆ ಅಲ್ಲಿಗೇ ಹೋದೆ. ಅವನ ಬಾಯಿಂದಲೇ ಒಪ್ಪಿಸಬೇಕು ಅನ್ನುವ ಸಿಟ್ಟಿತ್ತು.

ನನ್ನನ್ನು ಕಂಡು ಅವನ ಮುಖ ಗಂಟಾಯಿತು. “ಹೊಡಿಯಾಕ ಬಂದೀಯೇನು ಮತ್ತ?”

“ಸ್ಟೇರಿಂಗ್ ಯಾಕ ಎಳದಿ, ಅಷ್ಟು ಹೇಳು.”

“ನಾ ಎಳೀಲಿಲ್ಲ.”

“ನಿನ್ನ ಕೈ ನನ್ನ ಹೆಗಲ ಮ್ಯಾಲ ಇದ್ದೂವು. ಕಣ್ಣಾರೆ ನೋಡೀನಿ.”

“ಹೌದು, ಚಾಚಿದ್ದೆ. ನೀ ಬಿಡು ಬಿಡು ಅಂತ ಒದರಿದ್ದು ಕೇಳಿ ಎದ್ದೆ. ಗಾಡಿ ಎಡಕ್ಕ ಹೊಂಟಿತ್ತು. ಬಲಕ್ಕ ಎಳೀಬೇಕಂತ ಕೈ ಹಾಕಿದೆ.” ಧ್ವನಿ ತಗ್ಗಿಸಿದ. “ನಿನ್ನ ಕಂಡ್ರ ನನಗ ಇವತ್ತಿಗೂ ಆಗಂಗಿಲ್ಲ ಯಮನೂರಾ. ಸುಳ್ಳು ಹೇಳಿ ನಿನ್ನ ಕೂಡ ದೋಸ್ತಿ ಮಾಡೋದು ನನಗ ಬೇಕಾಗಿಲ್ಲ.”

“ಮತ್ತ ಅವತ್ತ ಯಾಕ ಹೇಳಲಿಲ್ಲ?”

ಅವನು ರಸ್ತೆಯ ಕಡೆ ನೋಡಿದ. ನಂತರ ತನ್ನ ಕೈಗಳ ಕಡೆ.

“ಏನಂತ ಹೇಳ್ಲಿ? ನಾ ಕೈ ಚಾಚಿದಾಗ ಸ್ಟೇರಿಂಗ್ ಮ್ಯಾಲ ಆಗಲೇ ನಾಕು ಕೈ ಇದ್ದೂವು... ನನಗ ಹಿಡಿಯಾಕ ಜಾಗಾನೇ ಇರಲಿಲ್ಲ.”